ಎಂಆರ್‌ಐ ಯಂತ್ರದೊಳಗಿನ ಬೆಂಗಳೂರು

ನಮ್ಮ ಸಾಸ್ವೆಹಳ್ಳಿ ಕಡೆ ಯಾರಿಗಾದರೂ ಸೊಂಟನೋವೋ ತಲೆನೋವೋ ಜೋರಾದರೆ ಡಾಕ್ಟರು ಚೀಟಿ ಬರೆದುಕೊಡುತ್ತಾರೆ, ಎಂಆರ್‌ಐ ಮಾಡಿಸಿಕೊಂಡು ಬನ್ನಿ ಅಂತ. ಶಿವಮೊಗ್ಗಕ್ಕೋ ದಾವಣಗೆರೆಗೋ ಬಸ್ಸು ಹತ್ತಬೇಕು. ಹೋಗಿ ಬಂದವರು ಊರಲ್ಲಿ ಹೇಳುವುದು ಎರಡೇ ವಿಷಯ. ಒಂದು, ಅದಕ್ಕೆ ಕೊಟ್ಟ ದುಡ್ಡು. ಇನ್ನೊಂದು, ಆ ಯಂತ್ರದ ಸದ್ದು. "ಗುಹೆಯೊಳಗೆ ಮಲಗಿಸಿ ಹೊರಗಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ" ಅಂತಾರೆ.

ಯಂತ್ರದ ಮೇಲಿರುವ ಹೆಸರು ನೋಡಿದರೆ ಸಾಮಾನ್ಯವಾಗಿ ಜರ್ಮನಿಯದ್ದೋ, ಅಮೆರಿಕದ್ದೋ, ಹಾಲೆಂಡಿನದ್ದೋ. ಹಾಗಾಗಿ "ಎಲ್ಲಾ ಫಾರಿನ್ನವರ ತಲೆ ಮಾರಾಯ, ನಮ್ಮದೇನಿದೆ ಅದರಲ್ಲಿ?" ಅನ್ನುವ ಮಾತು ಸಹಜವಾಗಿಯೇ ಬರುತ್ತೆ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದವನು. ಬೇರೆಯವರು ಮಾಡಿದ ಯಂತ್ರಕ್ಕೆ, ಬೇರೆಯವರು ಹೇಳಿದ ಕೋಡ್ ಬರೆದು ಸಂಬಳ ತಗೊಳ್ಳುವವನು. ಆದ್ದರಿಂದ ಈ ಮಾತು ಸ್ವಲ್ಪ ಚುಚ್ಚುತ್ತೆ. ಚುಚ್ಚಿದ್ದಕ್ಕೇ ಈ ಯಂತ್ರದ ಚರಿತ್ರೆಯನ್ನು ಕೆದಕುತ್ತಾ ಹೋದೆ. ಸಿಕ್ಕಿದ್ದು ನೋಡಿದರೆ, ಅದರೊಳಗೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದ ಇಬ್ಬರ ಕೈಗುರುತು ಇದೆ. ಒಂದು 1951ರದ್ದು, ಇನ್ನೊಂದು 1975ರದ್ದು. ಅದೇ ಸಂಸ್ಥೆಯ ಮೂರನೆಯವರೊಬ್ಬರಿದ್ದಾರೆ, ರಸಾಯನಶಾಸ್ತ್ರಜ್ಞರು. ಅವರು ಅಣುಗಳ ಓಡಾಟವನ್ನು ಹಿಡಿದದ್ದು ಅಯಸ್ಕಾಂತದಲ್ಲಲ್ಲ, ಕಂಪ್ಯೂಟರಿನಲ್ಲಿ. ಮೂವರ ಕಥೆಯೂ ಒಂದೇ ಪ್ರಶ್ನೆಯ ಸುತ್ತ ಇದೆ: ಕಣ್ಣಿಗೆ ಕಾಣದ ಅಣು ಎಲ್ಲಿದೆ, ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯೋದು ಹೇಗೆ?

ಮೊದಲು ಸ್ವಲ್ಪ ಭೌತಶಾಸ್ತ್ರ. ಹೆದರಬೇಡಿ, ಸ್ವಲ್ಪವೇ :-)

ನೀರಿನ ಒಂದೊಂದು ಅಣುವಿನಲ್ಲೂ ಎರಡು ಹೈಡ್ರೋಜನ್ ಪರಮಾಣುಗಳಿವೆ. ಅವುಗಳ ನಡುವಿನ ಪ್ರೋಟಾನು ಒಂದು ಪುಟ್ಟ ಅಯಸ್ಕಾಂತ. ದೊಡ್ಡ ಅಯಸ್ಕಾಂತದ ಬಾಯಲ್ಲಿ ಇಟ್ಟರೆ ಅದು ವಾಲಿದ ಬುಗುರಿಯ ಹಾಗೆ ತಲೆ ತಿರುಗಿಸುತ್ತೆ. ಎಷ್ಟು ವೇಗ? 1 ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ 4 ಕೋಟಿ 25 ಲಕ್ಷಕ್ಕೂ ಹೆಚ್ಚು ಸುತ್ತು, ಅಂದರೆ 42.58 ಮೆಗಾಹರ್ಟ್ಸ್. ಆಸ್ಪತ್ರೆಯ 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್. ನಮ್ಮ ಎಫ್‌ಎಂ ಸ್ಟೇಷನ್ನುಗಳು 88ರಿಂದ 108ರವರೆಗೆ ಇರುವುದರಿಂದ, ಇದು ಹೆಚ್ಚುಕಮ್ಮಿ ಅದರ ಪಕ್ಕದ ಬೀದಿ. ಸರಿಯಾಗಿ ಅದೇ ಆವರ್ತನದ ರೇಡಿಯೋ ಅಲೆ ಕೊಟ್ಟರೆ ಪ್ರೋಟಾನುಗಳು ಅದನ್ನು ಹೀರುತ್ತವೆ, ಮತ್ತೆ ಸದ್ದು ಮಾಡಿ ವಾಪಸ್ ಕೊಡುತ್ತವೆ. ಇದೇ ಕಾಂತೀಯ ಅನುರಣನ, ಎನ್‌ಎಂಆರ್. ಕ್ಷೇತ್ರದ ಕಡೆಗೆ ಮುಖ ಮಾಡಿದವು ಮತ್ತು ಬೆನ್ನು ಮಾಡಿದವುಗಳ ನಡುವಿನ ವ್ಯತ್ಯಾಸ ಹತ್ತು ಲಕ್ಷಕ್ಕೆ ಸುಮಾರು 5 ಮಾತ್ರ. ನಮಗೆ ಕೇಳುವ ಸದ್ದೆಲ್ಲ ಆ ಐದರದ್ದು.

ಈ ಸದ್ದನ್ನು ಘನ ಮತ್ತು ದ್ರವ ವಸ್ತುಗಳಲ್ಲಿ ಮೊದಲು ಕೇಳಿಸಿಕೊಂಡದ್ದು ಅಮೆರಿಕದ ಎರಡು ಗುಂಪುಗಳು. 1945ರ ಕೊನೆಯಲ್ಲಿ ಹಾರ್ವರ್ಡಿನಲ್ಲಿ ಎಡ್ವರ್ಡ್ ಪರ್ಸೆಲ್ ತಂಡ ಮೇಣದಲ್ಲಿ, 1946ರ ಆರಂಭದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಫೆಲಿಕ್ಸ್ ಬ್ಲಾಕ್ ತಂಡ ನೀರಿನಲ್ಲಿ. ಇಬ್ಬರಿಗೂ 1952ರಲ್ಲಿ ನೊಬೆಲ್ ಬಂತು.

ಈಗ ಬೆಂಗಳೂರಿಗೆ ಬರೋಣ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಜಿ. ಸೂರ್ಯನ್ ಅನ್ನುವ ಭೌತವಿಜ್ಞಾನಿ ಇದ್ದರು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು ಅಷ್ಟೆ. 1951ರಲ್ಲಿ ಅವರು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲೇ ಶುರುಮಾಡಿದ ಅಕಾಡೆಮಿ ಅದು. ಲೇಖನದ ವಿಷಯ, ಹರಿಯುವ ದ್ರವಗಳಲ್ಲಿ ಅನುರಣನ.

ಸೂರ್ಯನ್ ಮಾಡಿದ್ದು ಏನು? ನಮ್ಮ ಕಡೆಯ ನಾಟಿ ಗದ್ದೆ ನೆನೆಸಿಕೊಳ್ಳಿ. ಬೆಳಗ್ಗಿನಿಂದ ಬಗ್ಗಿ ನಾಟಿ ಹಾಕಿದ ಆಳುಗಳು ಮಧ್ಯಾಹ್ನದ ಹೊತ್ತಿಗೆ ಸುಸ್ತು. ಕೆಲಸ ನಡೆಯಬೇಕಾದರೆ ಎರಡೇ ದಾರಿ. ಅವರಿಗೆ ದಣಿವಾರಿಸಿಕೊಳ್ಳಲು ಬಿಡಬೇಕು, ಇಲ್ಲ ಹೊಸ ಗುಂಪನ್ನು ಗದ್ದೆಗೆ ಇಳಿಸಬೇಕು. ಪ್ರೋಟಾನುಗಳದ್ದೂ ಇದೇ ಪಾಡು. ರೇಡಿಯೋ ಅಲೆಯನ್ನು ಬಿಡದೆ ಕೊಡುತ್ತಲೇ ಇದ್ದರೆ ಆ ಹತ್ತು ಲಕ್ಷಕ್ಕೆ ಐದರ ವ್ಯತ್ಯಾಸವೂ ಅಳಿಸಿಹೋಗಿ ಸದ್ದು ಅಡಗುತ್ತದೆ. ಮತ್ತೆ ಸಾಲಾಗಿ ನಿಲ್ಲಲು ನೀರಿಗೆ ಸುಮಾರು 3 ಸೆಕೆಂಡು ಬೇಕು. ಆದರೆ ನೀರು ಕೊಳವೆಯಲ್ಲಿ ಹರಿಯುತ್ತಿದ್ದರೆ? ದಣಿದ ನೀರು ಆಚೆ ಹೋಗುತ್ತದೆ, ಆಗಲೇ ಕ್ಷೇತ್ರದಲ್ಲಿ ಸಾಲುಗಟ್ಟಿದ ಹೊಸ ನೀರು ಸುರುಳಿಯೊಳಗೆ ಬರುತ್ತದೆ. ಸದ್ದು ಮತ್ತೆ ಜೋರಾಗುತ್ತದೆ. ಅಂದರೆ ನಿಂತ ನೀರಿಗೂ ಹರಿಯುವ ನೀರಿಗೂ ಇರುವ ವ್ಯತ್ಯಾಸ, ಕೊಳವೆ ಒಡೆಯದೆ, ಏನನ್ನೂ ಒಳಗೆ ತೂರಿಸದೆ, ಹೊರಗಿನಿಂದಲೇ ಗೊತ್ತಾಗುತ್ತದೆ. ನಮ್ಮ ಚಾನಲ್ ನೀರು ಎಷ್ಟು ಬರುತ್ತಿದೆ ಅಂತ ನೋಡಲು ದಂಡೆಯ ಮೇಲೆ ನಿಂತು ಕಡ್ಡಿ ಎಸೆಯುತ್ತೇವಲ್ಲ, ಇಲ್ಲಿ ನೀರಿಗೆ ನೀರೇ ಕಡ್ಡಿ.

ನೀರಿನ ಜಾಗದಲ್ಲಿ ರಕ್ತ ಇಡಿ. ಮಿದುಳಿನ ರಕ್ತನಾಳಗಳು ಬೆಳ್ಳಗೆ ಮರದ ಕೊಂಬೆಗಳ ಹಾಗೆ ಕಾಣುವ ಎಂಆರ್‌ಐ ಚಿತ್ರ ನೋಡಿರುತ್ತೀರಿ. ಅದರಲ್ಲಿ ಒಂದು ಬಗೆಯದ್ದನ್ನು ಯಾವ ಔಷಧಿಯನ್ನೂ ಚುಚ್ಚದೆ ತೆಗೆಯುತ್ತಾರೆ. ಸುತ್ತಲಿನ ಅಲುಗಾಡದ ಮಾಂಸವನ್ನು ರೇಡಿಯೋ ಅಲೆಯಿಂದ ದಣಿಸಿ ಸುಮ್ಮನಾಗಿಸುತ್ತಾರೆ. ಹೊಸದಾಗಿ ಹರಿದು ಬರುವ ರಕ್ತ ಮಾತ್ರ ದಣಿದಿರುವುದಿಲ್ಲ, ಅದು ಹೊಳೆಯುತ್ತದೆ. ಎಲ್ಲಾದರೂ ನಾಳ ಕಟ್ಟಿಕೊಂಡಿದ್ದರೆ ಅಲ್ಲಿ ಬಿಳಿ ಗೆರೆ ತುಂಡಾಗುತ್ತದೆ. 1951ರ ಕೊಳವೆಯ ನೀರಿನಲ್ಲಿದ್ದ ತತ್ವ ಇದೇ. 1959ರಲ್ಲಿ ಅಮೆರಿಕದ ಸಿಂಗರ್ ಎಂಬುವವರು ಇಲಿಗಳಲ್ಲಿ ರಕ್ತದ ಹರಿವನ್ನು ಅನುರಣನದಿಂದ ಅಳೆದು ತೋರಿಸಿದರು. ಈ ವಿದ್ಯೆಯ ಚರಿತ್ರೆ ಬರೆಯುವವರು ಸಿಂಗರ್‌ಗಿಂತ ಮೊದಲು ಸೂರ್ಯನ್ ಹೆಸರು ಹೇಳುವುದುಂಟು. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ನಾನು ಆ ಹೆಸರು ಓದಿದ ನೆನಪಿಲ್ಲ.

ಕಾಕತಾಳೀಯವೋ ಏನೋ, ಅದೇ 1951ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಇನ್ನೊಬ್ಬ ಭಾರತೀಯರ ಹೆಸರಿರುವ ಲೇಖನ ಬಂತು. ಬರೆದವರು ಆರ್ನಾಲ್ಡ್, ಎಸ್. ಎಸ್. ಧರ್ಮಟ್ಟಿ ಮತ್ತು ಪ್ಯಾಕರ್ಡ್. ಇವರು ಈಥೈಲ್ ಆಲ್ಕೋಹಾಲನ್ನು ಅಯಸ್ಕಾಂತದಲ್ಲಿಟ್ಟಾಗ ಒಂದು ಸದ್ದಿನ ಬದಲು ಮೂರು ಸದ್ದು ಬಂತು, 3:2:1ರ ಪ್ರಮಾಣದಲ್ಲಿ. ಪಿಯುಸಿಯಲ್ಲಿ ಸಾವಯವ ರಸಾಯನಶಾಸ್ತ್ರ ಓದಿದವರಿಗೆ ತಕ್ಷಣ ಹೊಳೆಯುತ್ತೆ: ಒಂದು ಕಡೆ ಮೂರು ಹೈಡ್ರೋಜನ್, ನಡುವೆ ಎರಡು, ಆಕ್ಸಿಜನ್ ಪಕ್ಕ ಒಂದು. ಅಂದರೆ ಪ್ರೋಟಾನು ತನ್ನ ಅಕ್ಕಪಕ್ಕದ ಮನೆಯವರು ಯಾರು ಅನ್ನುವುದನ್ನೂ ಹೇಳುತ್ತದೆ! ಅಲ್ಲಿಯವರೆಗೆ ಭೌತಶಾಸ್ತ್ರದವರ ಆಟಿಕೆಯಾಗಿದ್ದ ಎನ್‌ಎಂಆರ್ ಅವತ್ತಿನಿಂದ ರಸಾಯನಶಾಸ್ತ್ರದವರ ಕೈಗೂ ಬಂತು. ಧರ್ಮಟ್ಟಿಯವರು ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಅಲ್ಲಿ ಎನ್‌ಎಂಆರ್ ಗುಂಪು ಕಟ್ಟಿದರು.

ಇಲ್ಲಿಯವರೆಗೆ ಸದ್ದು ಕೇಳುವುದಾಯಿತು. ಚಿತ್ರ ತೆಗೆಯುವುದು? ಅದಕ್ಕೆ ಇಪ್ಪತ್ತೆರಡು ವರ್ಷ ಕಾಯಬೇಕಾಯಿತು.

1973ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಪಾಲ್ ಲಾಟರ್‌ಬರ್ ಒಂದು ಉಪಾಯ ಹೇಳಿದರು. ಕಾಂತಕ್ಷೇತ್ರ ಎಲ್ಲಾ ಕಡೆ ಒಂದೇ ಸಮ ಇರುವುದು ಬೇಡ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಇಳಿಜಾರಾಗಿರಲಿ. ಆಗ ತಲೆಯ ಕಡೆಯ ಪ್ರೋಟಾನು ಒಂದು ಸ್ವರ, ಕಾಲಿನ ಕಡೆಯದ್ದು ಇನ್ನೊಂದು ಸ್ವರ ಹಾಡುತ್ತದೆ. ಸ್ವರದಿಂದ ಜಾಗ ಗೊತ್ತಾಗುತ್ತದೆ. ಅವರು ಈ ಇಳಿಜಾರನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಸಿಕ್ಕ ನೆರಳುಗಳನ್ನೆಲ್ಲ ಕೂಡಿಸಿ ಚಿತ್ರ ಮಾಡಿದರು.

ಎರಡು ವರ್ಷದ ನಂತರ, 1975ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಇದಕ್ಕಿಂತ ಚೊಕ್ಕವಾದ ಉಪಾಯ ಬಂತು. ಲೇಖಕರು ಮೂವರು: ಅನಿಲ್ ಕುಮಾರ್, ಡೀಟರ್ ವೆಲ್ಟಿ, ರಿಚರ್ಡ್ ಅರ್ನ್ಸ್ಟ್. ಮೊದಲ ಹೆಸರು ಗಮನಿಸಿ. ಕಾನ್ಪುರ ಐಐಟಿಯಲ್ಲಿ ಪಿಎಚ್‌ಡಿ ಮಾಡಿ ಅರ್ನ್ಸ್ಟ್ ಹತ್ತಿರ ಹೋಗಿದ್ದ ಅನಿಲ್ ಕುಮಾರ್, ಆಮೇಲೆ ಬೆಂಗಳೂರಿನ ಇದೇ ಇನ್‌ಸ್ಟಿಟ್ಯೂಟಿನ ಭೌತಶಾಸ್ತ್ರ ವಿಭಾಗಕ್ಕೆ ಬಂದು ದಶಕಗಳ ಕಾಲ ಇಲ್ಲೇ ಕೆಲಸ ಮಾಡಿದರು.

ಅವರ ಉಪಾಯ ಹೀಗಿದೆ. ಇಳಿಜಾರನ್ನು ತಿರುಗಿಸುತ್ತಾ ಕೂರುವುದು ಬೇಡ. ಮೊದಲು ಒಂದು ದಿಕ್ಕಿನ ಇಳಿಜಾರನ್ನು ಸ್ವಲ್ಪ ಹೊತ್ತು ಹಾಕು, ಆರಿಸು. ತಕ್ಷಣ ಇನ್ನೊಂದು ದಿಕ್ಕಿನದ್ದನ್ನು ಹಾಕು, ಸದ್ದು ಬರೆದುಕೋ. ಮೊದಲ ಇಳಿಜಾರಿನ ಅವಧಿಯನ್ನು ಬದಲಾಯಿಸುತ್ತಾ ಇದನ್ನೇ ಮತ್ತೆ ಮತ್ತೆ ಮಾಡು. ಕೊನೆಗೆ ಸಿಕ್ಕ ಅಂಕಿಗಳ ಚೌಕಕ್ಕೆ ಎರಡೂ ದಿಕ್ಕಿನಲ್ಲಿ ಫೋರಿಯರ್ ಟ್ರಾನ್ಸ್‌ಫಾರ್ಮ್ ಮಾಡು. ಚಿತ್ರ ಎದ್ದು ಬರುತ್ತದೆ. ಎಂಜಿನಿಯರಿಂಗಿನಲ್ಲಿ ಫೋರಿಯರ್ ಟ್ರಾನ್ಸ್‌ಫಾರ್ಮನ್ನು ಹತ್ತು ಮಾರ್ಕಿನ ಪ್ರಶ್ನೆ ಅಂತಷ್ಟೇ ಓದಿದ ನಮ್ಮಂಥವರಿಗೆ ಇದನ್ನು ಓದುವಾಗ ಮೈ ಜುಮ್ಮೆನ್ನುತ್ತೆ. 1980ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ತಂಡ ಇದರಲ್ಲಿ ಒಂದು ಬದಲಾವಣೆ ತಂದಿತು. ಅವಧಿ ಬದಲಾಯಿಸುವ ಬದಲು ಇಳಿಜಾರಿನ ಕಡಿದನ್ನು ಬದಲಾಯಿಸಿದರು. ಇವತ್ತಿನ ಆಸ್ಪತ್ರೆಗಳ ಬಹುಪಾಲು ಸ್ಕ್ಯಾನುಗಳು ಈ ದಾರಿಯಲ್ಲೇ ನಡೆಯುತ್ತವೆ.

ಸುತ್ತಿಗೆಯಲ್ಲಿ ಬಡಿದಂಥ ಸದ್ದು ಅಂದೆನಲ್ಲ? ಇಳಿಜಾರು ಹಾಕುವ ತಂತಿ ಸುರುಳಿಗಳಲ್ಲಿ ಕರೆಂಟು ಹತ್ತಿ ಆರಿದಾಗಲೆಲ್ಲ ದೊಡ್ಡ ಅಯಸ್ಕಾಂತ ಅವನ್ನು ಎಳೆದು ಅದುರಿಸುತ್ತದೆ. ಆ ಅದುರಾಟವೇ ಟಕಟಕ ಸದ್ದು. ಇಳಿಜಾರನ್ನು ಹಾಕಿ ಆರಿಸುವ 1975ರ ಯೋಚನೆಯನ್ನು ನಮ್ಮೂರವರು ಕಿವಿಯಾರೆ ಕೇಳಿಸಿಕೊಂಡೇ ಬರುತ್ತಾರೆ, ಏನು ಅಂತ ಗೊತ್ತಿಲ್ಲದೆ.

ಅನಿಲ್ ಕುಮಾರ್ ಅವರ ಇನ್ನೊಂದು ಕೆಲಸ 1980ರದ್ದು, ಅರ್ನ್ಸ್ಟ್ ಮತ್ತು ಕುರ್ಟ್ ವ್ಯೂಥ್ರಿಕ್ ಜೊತೆಗಿನದ್ದು. ಪ್ರೋಟೀನಿನಲ್ಲಿ ಯಾವ ಪ್ರೋಟಾನು ಯಾವುದಕ್ಕೆ ಹತ್ತಿರ ಅನ್ನುವುದನ್ನು ಒಂದು ನಕ್ಷೆಯ ಮೇಲೆ ಚುಕ್ಕಿಗಳಾಗಿ ತೋರಿಸುವ ಪ್ರಯೋಗ. ಎರಡು ಪ್ರೋಟಾನುಗಳ ನಡುವೆ ಸುಮಾರು 5 ಆಂಗ್‌ಸ್ಟ್ರಾಮ್ ಒಳಗಿದ್ದರೆ ಚುಕ್ಕಿ ಬೀಳುತ್ತದೆ. (ಒಂದು ಮಿಲಿಮೀಟರಿನಲ್ಲಿ ಕೋಟಿ ಆಂಗ್‌ಸ್ಟ್ರಾಮ್.) ಅರ್ನ್ಸ್ಟ್‌ಗೆ 1991ರಲ್ಲಿ, ವ್ಯೂಥ್ರಿಕ್‌ಗೆ 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 2003ರಲ್ಲಿ ವೈದ್ಯಕೀಯ ನೊಬೆಲ್ ಲಾಟರ್‌ಬರ್ ಮತ್ತು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೆ. ನೊಬೆಲ್ ನಮಗೆ ಬರಲಿಲ್ಲ ಅಂತ ಅಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ಮನೆ ಕಟ್ಟುವಾಗ ಇಟ್ಟಿಗೆ ಹೊತ್ತವರಲ್ಲಿ ನಮ್ಮವರೂ ಇದ್ದರು ಅನ್ನುವುದಕ್ಕೆ ಅಷ್ಟೆ.

ಈಗ ಕಥೆ ಅಯಸ್ಕಾಂತದಿಂದ ಕಂಪ್ಯೂಟರಿಗೆ ಹೊರಳುತ್ತದೆ. ಯಾಕೆಂದರೆ ಚುಕ್ಕಿಗಳ ನಕ್ಷೆ ಅಂದರೆ ಇನ್ನೂ ಪ್ರೋಟೀನಿನ ಆಕಾರವಲ್ಲ. "ಇವನು ಅವನಿಗೆ ಹತ್ತಿರ" ಎಂಬ ನೂರಾರು ಚಾಡಿಮಾತುಗಳಿಂದ ಇಡೀ ಊರಿನ ನಕ್ಷೆ ಬರೆಯಬೇಕು. ಅದಕ್ಕೆ ಸಿಮ್ಯುಲೇಶನ್ ಬೇಕು. ಪ್ರತಿ ಪರಮಾಣುವಿನ ಮೇಲೆ ಬೀಳುವ ಬಲ ಲೆಕ್ಕ ಹಾಕು, ನ್ಯೂಟನ್ ನಿಯಮದಂತೆ ಒಂದು ಹೆಜ್ಜೆ ಮುಂದಿಡು, ಮತ್ತೆ ಬಲ ಲೆಕ್ಕ ಹಾಕು. ಒಂದು ಹೆಜ್ಜೆ ಅಂದರೆ ಸಾಮಾನ್ಯವಾಗಿ ಒಂದೆರಡು ಫೆಮ್ಟೋಸೆಕೆಂಡು, ಸೆಕೆಂಡಿನ ಕೋಟಿಯ ಕೋಟಿ ಭಾಗಕ್ಕಿಂತಲೂ ಚಿಕ್ಕದು. ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. 1964ರಲ್ಲಿ ಅವರು 864 ಆರ್ಗಾನ್ ಪರಮಾಣುಗಳನ್ನು ಕಂಪ್ಯೂಟರಿನೊಳಗೆ ಓಡಾಡಿಸಿದರು. 1971ರಲ್ಲಿ ಸ್ಟಿಲಿಂಜರ್ ಜೊತೆ 216 ನೀರಿನ ಅಣುಗಳನ್ನು.

ಅನುರಣನ ಮತ್ತು ಸಿಮ್ಯುಲೇಶನ್, ಎರಡೂ ಕಡೆ ಕೈಯಾಡಿಸಿದ ರಸಾಯನಶಾಸ್ತ್ರಜ್ಞ ಅಂದರೆ ಮಾರ್ಟಿನ್ ಕಾರ್ಪ್ಲಸ್. ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಕುಟುಂಬದ ಹುಡುಗ. ಎನ್‌ಎಂಆರ್ ಸದ್ದಿನ ಸೀಳಿನಿಂದ ಅಣುವಿನ ತಿರುಚಿದ ಕೋನವನ್ನು ಕಂಡುಹಿಡಿಯುವ ಸಮೀಕರಣ ಅವರ 1959ರ ಕೆಲಸ. 1977ರಲ್ಲಿ ಅವರ ತಂಡ ಒಂದು ಪುಟ್ಟ ಪ್ರೋಟೀನನ್ನು ಮೊದಲ ಬಾರಿಗೆ ಕಂಪ್ಯೂಟರಿನಲ್ಲಿ ಅಲುಗಾಡಿಸಿತು, 10 ಪಿಕೋಸೆಕೆಂಡಿಗೂ ಕಡಿಮೆ ಹೊತ್ತು. 2013ರಲ್ಲಿ ನೊಬೆಲ್ ಪಡೆದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಪ್ರೋಟೀನಿನಲ್ಲಿ ಇಂಥ ಕೋನಗಳು ಎಲ್ಲೆಲ್ಲಿ ಇರಬಹುದು, ಎಲ್ಲಿ ಇರಲಾರವು ಅಂತ 1963ರಲ್ಲಿ ಮದರಾಸಿನಿಂದ ನಕ್ಷೆ ಬರೆದುಕೊಟ್ಟವರು ಜಿ. ಎನ್. ರಾಮಚಂದ್ರನ್ ತಂಡ. ಅವರು 1971ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟಿಗೆ ಬಂದು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು.

ಅದೇ ಕ್ಯಾಂಪಸ್ಸಿನಲ್ಲಿ ನಮ್ಮ ಬಸವನಗುಡಿಯ ಸಿ. ಎನ್. ಆರ್. ರಾವ್ 1976ರಲ್ಲಿ ಸಾಲಿಡ್ ಸ್ಟೇಟ್ ಅಂಡ್ ಸ್ಟ್ರಕ್ಚರಲ್ ಕೆಮಿಸ್ಟ್ರಿ ಘಟಕ ಶುರುಮಾಡಿದ್ದರು. ಅಲ್ಲಿಯ ರಸಾಯನಶಾಸ್ತ್ರಜ್ಞ ಎಸ್. ಯಶೋನಾಥ್ ನಾನು ಹೇಳಿದ ಮೂರನೆಯವರು. 1985ರಲ್ಲಿ ರಾವ್ ಜೊತೆ, ಹರಳುಗಳು ಒಂದು ರಚನೆಯಿಂದ ಇನ್ನೊಂದಕ್ಕೆ ಹೇಗೆ ಬದಲಾಗುತ್ತವೆ ಅನ್ನುವುದನ್ನು ಮಾಂಟೆ ಕಾರ್ಲೋ ವಿಧಾನದಿಂದ ಲೆಕ್ಕ ಹಾಕಿದರು. 1988ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳ ಲೇಖನ ಬಂತು, ಝಿಯೋಲೈಟ್ ಒಳಗೆ ಮೀಥೇನ್ ಎಲ್ಲಿ ಕೂರುತ್ತದೆ, ಹೇಗೆ ಓಡಾಡುತ್ತದೆ ಅಂತ.

ಝಿಯೋಲೈಟ್ ಅಂದರೆ ಕಲ್ಲಿನ ಜೇನುಗೂಡು ಅಂದುಕೊಳ್ಳಿ. ಝಿಯೋಲೈಟ್ ವೈ ಎಂಬುದರಲ್ಲಿ ಸುಮಾರು 12 ಆಂಗ್‌ಸ್ಟ್ರಾಮ್ ಅಗಲದ ಕೋಣೆಗಳು, ಕೋಣೆಯಿಂದ ಕೋಣೆಗೆ ಸುಮಾರು 7.4 ಆಂಗ್‌ಸ್ಟ್ರಾಮ್ ಕಿಟಕಿಗಳು. ಪೆಟ್ರೋಲ್ ಶುದ್ಧೀಕರಣ ಕಾರ್ಖಾನೆಗಳಲ್ಲಿ ಇದಕ್ಕೆ ಬಹಳ ಕೆಲಸ. ಈಗ ಪ್ರಶ್ನೆ: ಕಿಟಕಿ ದಾಟಿ ಯಾವ ಅಣು ಬೇಗ ಹೋಗುತ್ತದೆ, ಚಿಕ್ಕದೋ ದೊಡ್ಡದೋ? ಇದರಲ್ಲಿ ಕೇಳುವುದೇನು, ಚಿಕ್ಕದು ಅಂತೀರಿ. 1994ರಲ್ಲಿ ಯಶೋನಾಥ್ ಮತ್ತು ಸಂತಿಕಾರಿ ಸಿಮ್ಯುಲೇಶನ್ ಮಾಡಿ ನೋಡಿದರೆ ಉತ್ತರ ಬೇರೆಯೇ ಇತ್ತು. ಅಣು ದೊಡ್ಡದಾಗುತ್ತಾ ಹೋದಂತೆ ವೇಗ ಮೊದಲು ಕಡಿಮೆಯಾಗುತ್ತದೆ ನಿಜ. ಆದರೆ ಅದರ ಗಾತ್ರ ಕಿಟಕಿಯ ಗಾತ್ರಕ್ಕೆ ಸರಿಸಮವಾಗುತ್ತಾ ಬಂದಾಗ ವೇಗ ಧಿಡೀರ್ ಏರುತ್ತದೆ!

ಕಾರಣ ಕೇಳಿದರೆ ಅಯ್ಯೋ ಇಷ್ಟೇನಾ ಅನಿಸುತ್ತೆ. ಹೊನ್ನಾಳಿ ಸಂತೆಯಲ್ಲಿ ನಡೆಯುತ್ತಿದ್ದೀರಿ ಅಂದುಕೊಳ್ಳಿ. ದಾರಿ ಅಗಲವಾಗಿದ್ದರೆ ಯಾವುದೋ ಒಂದು ಬದಿಯ ಅಂಗಡಿಗೆ ಅಂಟಿಕೊಂಡು ನಿಂತುಬಿಡುತ್ತೀರಿ. ದಾರಿ ನಿಮ್ಮ ಮೈಯಷ್ಟೇ ಅಗಲವಾಗಿದ್ದು ಎರಡೂ ಕಡೆಯವರು ಸಮನಾಗಿ ಕೈ ಹಿಡಿದು ಎಳೆದರೆ? ಎಳೆತಕ್ಕೆ ಎಳೆತ ವಜಾ, ನೇರ ಮುಂದೆ ಹೋಗುತ್ತೀರಿ. ಕಿಟಕಿಯಲ್ಲಿ ಸರಿಯಾಗಿ ಕೂರುವ ಅಣುವಿಗೆ ಎಲ್ಲಾ ದಿಕ್ಕಿನ ಸೆಳೆತವೂ ಸಮ, ಹಾಗಾಗಿ ಅದು ತೇಲಿದಂತೆ ಸಾಗುತ್ತದೆ. ಇದಕ್ಕೆ ಲೆವಿಟೇಶನ್ ಇಫೆಕ್ಟ್ ಅಂತಲೇ ಹೆಸರು. ಕಂಪ್ಯೂಟರ್ ಹೇಳಿದ್ದನ್ನು ನಂಬುವುದು ಹೇಗೆ? 2010ರಲ್ಲಿ ಯಶೋನಾಥ್ ಮತ್ತು ಸಹೋದ್ಯೋಗಿಗಳು ನ್ಯೂಟ್ರಾನ್ ಚದುರಿಕೆಯ ಪ್ರಯೋಗದಿಂದ ತೋರಿಸಿದರು. ಒಂದೇ ತೂಕದ ಮೂರು ಪೆಂಟೇನ್‌ಗಳಲ್ಲಿ ತೆಳ್ಳಗೆ ಉದ್ದಕ್ಕಿರುವುದಕ್ಕಿಂತ, ಕವಲೊಡೆದು ದಪ್ಪಗಿರುವ ಎರಡು ಝಿಯೋಲೈಟಿನಲ್ಲಿ ಹೆಚ್ಚು ವೇಗವಾಗಿ ಓಡಾಡಿದವು. ಹದಿನಾರು ವರ್ಷ ಮೊದಲು ಲೆಕ್ಕದಲ್ಲಿ ಕಂಡದ್ದು ಕಣ್ಣೆದುರಿಗೆ ಬಂತು.

ಮತ್ತೆ ಮೊದಲಿನ ಪ್ರಶ್ನೆಗೆ: ನಮ್ಮದೇನಿದೆ ಅದರಲ್ಲಿ? ಯೋಚನೆ ಇದೆ. ಹರಿಯುವ ನೀರನ್ನು ಕೇಳಿಸಿಕೊಂಡ ಯೋಚನೆ, ಸದ್ದನ್ನು ಚಿತ್ರ ಮಾಡಿದ ಯೋಚನೆ, ದಪ್ಪಗಿರುವ ಅಣುವೂ ಗೆಲ್ಲಬಹುದು ಎಂದು ಲೆಕ್ಕ ಹಾಕಿ ತೋರಿಸಿದ ಯೋಚನೆ. ಇಲ್ಲದ್ದು ಯಂತ್ರ. 1951ರ ಲೇಖನಕ್ಕೂ ಆಸ್ಪತ್ರೆಯ ಯಂತ್ರಕ್ಕೂ ನಡುವೆ ದ್ರವ ಹೀಲಿಯಂನಲ್ಲಿ ಮುಳುಗಿಸಿದ ಅಯಸ್ಕಾಂತ ಕಟ್ಟುವವರು, ರೇಡಿಯೋ ಸುರುಳಿ ಸುತ್ತುವವರು, ತಪ್ಪಿಲ್ಲದ ಸಾಫ್ಟ್‌ವೇರ್ ಬರೆಯುವವರು, ಹತ್ತು ವರ್ಷ ಲಾಭ ಕೇಳದೆ ದುಡ್ಡು ಹಾಕುವವರು ಬೇಕಿತ್ತು. ವಿಜ್ಞಾನಿ ಒಬ್ಬನೇ ಮಾಡುವ ಕೆಲಸವಲ್ಲ ಅದು. ಆ ಸರಪಳಿ ಬೇರೆ ದೇಶಗಳಲ್ಲಿ ಬೆಳೆಯಿತು, ನಾವು ಅದರ ಕೊನೆಯ ಕೊಂಡಿಯಲ್ಲಿ ಗಿರಾಕಿಗಳಾದೆವು. ನನ್ನ ಮಟ್ಟಿಗೆ ಈ ಚರಿತ್ರೆಯ ಪಾಠ ಇದು. ಬುದ್ಧಿಗೆ ಬರವಿರಲಿಲ್ಲ, ಬುದ್ಧಿಯ ಹಿಂದೆ ನಿಲ್ಲುವ ಕೈಗಳಿಗೆ ಬರವಿತ್ತು. ಸಾಫ್ಟ್‌ವೇರಿನಲ್ಲಿ ದಿನಾ ಕೀಲಿಮಣೆ ಕುಟ್ಟುವ ನಮ್ಮಂಥವರು ಲಕ್ಷಗಟ್ಟಲೆ ಇರುವ ಈ ಊರಿನಲ್ಲಿ ಇನ್ನು ಮೇಲೆ ಆ ನೆಪ ಹೇಳುವುದು ಕಷ್ಟ.

ನೆಪ ಹೇಳದವರೂ ಇದ್ದಾರೆ. 2023ರ ಆಗಸ್ಟಿನಲ್ಲಿ ಭಾರತದಲ್ಲೇ ತಯಾರಾದ 1.5 ಟೆಸ್ಲಾದ ಎಂಆರ್‌ಐ ಯಂತ್ರವೊಂದು ದೆಹಲಿಯಲ್ಲಿ ಬಿಡುಗಡೆಯಾಯಿತು. ಕಟ್ಟಿದ್ದು ವೋಕ್ಸೆಲ್‌ಗ್ರಿಡ್ಸ್ ಅನ್ನುವ ಕಂಪನಿ. ಊರು ಯಾವುದು ಅಂತೀರಾ? ಬೆಂಗಳೂರು. ಸೂರ್ಯನ್ ಅವರ ಲೇಖನಕ್ಕೆ ಆಗ ಎಪ್ಪತ್ತೆರಡು ವರ್ಷ.